ಹೆಸರಿಲ್ಲದ ಮಾತಿಗೊಂದು ಅಂಕಿತ

ದೊಡ್ಡಬಳ್ಳಾಪುರದಿಂದ ತೂಬಗೆರೆಯ ಕಡೆಗೆ ಹೋಗುವ ದಾರಿಯ ಬದಿಯಲ್ಲಿರುವ ಒಂದು ಹಳ್ಳಿಯಲ್ಲಿ, ಕೆಲವು ವರ್ಷಗಳ ಹಿಂದೆ, ಊರಹಬ್ಬದ ಮಾರನೆಯ ರಾತ್ರಿ ‘ಕುರುಕ್ಷೇತ್ರ’ ನಾಟಕವನ್ನು ನೋಡುವ ಯೋಗ ನನಗೆ ಒದಗಿತ್ತು. ನಮ್ಮ ಸೀಮೆಯ ಪೌರಾಣಿಕ ನಾಟಕಗಳನ್ನು ಬಲ್ಲವರಿಗೆ ಅದರ ಸೊಗಸನ್ನು ವಿವರಿಸಬೇಕಾಗಿಲ್ಲ. ಹಗಲೆಲ್ಲ ಹೊಲದಲ್ಲಿ ಗೇಯುವವರು, ಮಗ್ಗ ನಡೆಸುವವರು, ಬಾಶೆಟ್ಟಿಹಳ್ಳಿಯ ಕಾರ್ಖಾನೆಗಳಲ್ಲಿ ಪಾಳಿಯ ಮೇಲೆ ದುಡಿಯುವವರು ತಮ್ಮ ಕೈಯಿಂದಲೇ ಹಣ ಕಟ್ಟಿ ಪಾತ್ರ ವಹಿಸುತ್ತಾರೆ. ಹಾರ್ಮೋನಿಯಂ ಮುಂದೆ ಕುಳಿತ ನಾಟಕದ ಮೇಷ್ಟ್ರು ತಿಂಗಳುಗಟ್ಟಲೆ ಕಲಿಸಿದ ಕಂದಪದ್ಯಗಳನ್ನು ಬೆಳಗಿನ ಜಾವದವರೆಗೆ ಹಾಡುತ್ತಾರೆ. ಸ್ತ್ರೀಪಾತ್ರಗಳಿಗೆ ಮಾತ್ರ ಹೊರಗಿನಿಂದ ಕಲಾವಿದೆಯರನ್ನು ಕರೆಸುವುದು ವಾಡಿಕೆ.

ಆ ರಾತ್ರಿ ಕುಂತಿಯು ಗಂಗಾತೀರದಲ್ಲಿ ಕರ್ಣನನ್ನು ಕಾಣಲು ಬಂದ ದೃಶ್ಯ ನಡೆಯುತ್ತಿತ್ತು. ರಂಗದ ಮೇಲೆ ಕಣ್ಣು ಕೋರೈಸುವ ದೀಪ; ನಾವು ಕುಳಿತಲ್ಲಿ ಗಾಢವಾದ ಕತ್ತಲೆ. ಕುಂತಿಯು ಮಗನೆಂದು ಕರೆದು ಸೆರಗಿನಿಂದ ಕಣ್ಣೊರಸಿಕೊಂಡಳು. ಆಗ ಹಿಂದಿನ ಸಾಲಿನ ಕತ್ತಲೆಯೊಳಗಿಂದ ಒಂದು ಹೆಣ್ಣುದನಿ ಕೇಳಿಬಂತು: “ಈಗ ಬಂದ್ಯಾ ತಾಯಿ? ಹೊಳೇಲಿ ತೇಲಿಬಿಟ್ಟಾಗ ಎಲ್ಲಿಗೋಗಿತ್ತಮ್ಮ ಈ ಕರುಳು?”

ನೆರೆದವರೆಲ್ಲ ಒಮ್ಮೆ ಹಿಂದಿರುಗಿ ನೋಡಿದರು. ಯಾರೆಂದು ಕಾಣಲಿಲ್ಲ. ಕರ್ಣನ ಪಾತ್ರ ವಹಿಸಿದ್ದ ಆ ರೈತನೂ ತನ್ನ ಮಾತನ್ನು ಒಂದು ಕ್ಷಣ ತಡೆದು ನಿಂತ. ಇಪ್ಪತ್ತು ವರ್ಷಗಳಿಂದ ತರಗತಿಯಲ್ಲಿ ಪಂಪನ ಕರ್ಣನನ್ನೂ ಕುಮಾರವ್ಯಾಸನ ಕರ್ಣನನ್ನೂ ಪಾಠ ಹೇಳುತ್ತ ಬಂದವನು ನಾನು. ಕುಂತಿಯ ಬಗ್ಗೆ ಅಷ್ಟು ನೇರವಾದ, ಅಷ್ಟು ಕಡಿಮೆ ಮಾತಿನ ವಿಮರ್ಶೆಯನ್ನು ಅದುವರೆಗೆ ಕೇಳಿರಲಿಲ್ಲ.

ಮುಂದೆ ಒಂದು ಗಂಟೆ ಕಳೆದಿರಬಹುದು. ದ್ರೌಪದಿ ರಂಗಕ್ಕೆ ಬಂದಳು. ಅದೇ ಕತ್ತಲೆಯ ಇನ್ನೊಂದು ಮೂಲೆಯಿಂದ ಒಂದು ಗಂಡುದನಿ ಎದ್ದಿತು. ಅದು ದ್ರೌಪದಿಗೆ ಆಡಿದ ಮಾತಲ್ಲ; ದ್ರೌಪದಿಯ ವೇಷ ಧರಿಸಿದ್ದ ಆ ಹೆಣ್ಣುಮಗಳಿಗೆ ಆಡಿದ ಮಾತು. ಅಚ್ಚಿನಲ್ಲಿ ಬರೆಯುವಂಥದಲ್ಲ. ಕೆಲವರು ನಕ್ಕರು. ಆಕೆಯ ಹಾಡು ಅರ್ಧ ತಾಳದಷ್ಟು ಹಿಂದೆ ಬಿದ್ದು, ಮತ್ತೆ ಸರಿಯಾಗಿ ಮುಂದುವರಿಯಿತು. ಆ ದನಿ ಯಾರದೆಂದೂ ತಿಳಿಯಲಿಲ್ಲ.

ಒಂದೇ ಕತ್ತಲೆ ಇಬ್ಬರಿಗೂ ಆಶ್ರಯ ಕೊಟ್ಟಿತ್ತು. ಇಂದಿನ ಬರಹದ ವಿಷಯವೂ ಇದೇ ಆಗಿದೆ.

ನಾಟಕದ ಬಯಲಿನ ಆ ಕತ್ತಲೆ ಈಗ ಬಹಳ ವಿಸ್ತಾರವಾಗಿದೆ. ಚಲಚ್ಚಿತ್ರಗಳ, ದೂರದರ್ಶನದ ಧಾರಾವಾಹಿಗಳ ಪಾತ್ರಗಳು ನಮ್ಮ ಮನೆಮನೆಯ ನೆಂಟರಾಗಿರುವ ಕಾಲ ಇದು. ರಾತ್ರಿಯ ಊಟದ ವೇಳೆಗೆ ಸರಿಯಾಗಿ ಬರುವ ಅತ್ತೆ, ಸೊಸೆ, ನಾದಿನಿ, ಮಲತಾಯಿಯರ ನಡತೆಯನ್ನು ಕುರಿತು ಅಭಿಪ್ರಾಯವಿಲ್ಲದ ಮನೆಯೇ ಇಲ್ಲವೆನ್ನಬಹುದು. ಆ ಅಭಿಪ್ರಾಯಗಳನ್ನು ತಮ್ಮ ನಿಜನಾಮವನ್ನು ಮರೆಸಿ ಸಾವಿರಾರು ಜನರ ಮುಂದಿಡುವ ಅನುಕೂಲವೂ ಈಗ ಪ್ರತಿಯೊಬ್ಬರ ಅಂಗೈಯಲ್ಲಿದೆ. ಇಂತಹ ಹೆಸರಿಲ್ಲದ ಮಾತುಗಳನ್ನು ಕಂಡು ನಮ್ಮ ಪ್ರಾಜ್ಞರಲ್ಲಿ ಹಲವರು ಮೂಗು ಮುರಿಯುತ್ತಾರೆ. ಹೆಸರು ಹೇಳುವ ಧೈರ್ಯವಿಲ್ಲದವನ ಮಾತಿಗೆ ಬೆಲೆಯೇನು ಎಂಬುದು ಅವರ ವಾದ. ನಾನೂ ಬಹುಕಾಲ ಅದೇ ಪಂಗಡದಲ್ಲಿದ್ದೆ. ಈಗ ಅಲ್ಲಿಲ್ಲ. ಹೇಗೆ ಅಲ್ಲಿಂದ ಹೊರಬಂದೆನೆಂಬುದನ್ನು ವಾಚಕರೊಡನೆ ಹಂಚಿಕೊಳ್ಳಬೇಕೆಂದಿದ್ದೇನೆ. ಅದರಲ್ಲಿ ನನ್ನದೊಂದು ತಪ್ಪಿನ ಒಪ್ಪಿಗೆಯೂ ಸೇರಿದೆ.

ನಮ್ಮ ಕಾಲೇಜಿಗೆ ಬರುವ ಮಕ್ಕಳು ಬಹುಪಾಲು ಸಾಸಲು, ದೊಡ್ಡಬೆಳವಂಗಲ, ಮಧುರೆ, ತೂಬಗೆರೆ ಹೋಬಳಿಗಳ ಹಳ್ಳಿಗಳಿಂದ ಬೆಳಗಿನ ಬಸ್ಸು ಹಿಡಿದು ಬರುವವರು. ಉಳಿದವರು ಪಟ್ಟಣದ ನೇಕಾರರ ಬೀದಿಗಳವರು. ಅವರಲ್ಲಿ ಅನೇಕರ ತಾಯಂದಿರು ಸಿದ್ಧ ಉಡುಪಿನ ಕಾರ್ಖಾನೆಗಳಿಗೆ ಹೋಗುತ್ತಾರೆ. ತರಗತಿಯಲ್ಲಿ “ಈ ಪಾತ್ರದ ಬಗ್ಗೆ ನಿಮಗೇನನ್ನಿಸುತ್ತದೆ?” ಎಂದು ಕೇಳಿದರೆ ಮುಂದಿನ ಬೆಂಚಿನ ಇಬ್ಬರೋ ಮೂವರೋ ನನ್ನ ಟಿಪ್ಪಣಿಯನ್ನೇ ನನಗೆ ಒಪ್ಪಿಸುತ್ತಿದ್ದರು. ಉಳಿದವರದು ಮೌನ. ಅದನ್ನು ನಾನು ಅರಸಿಕತೆಯೆಂದು ತಿಳಿದಿದ್ದೆ. ಆದರೂ ಒಂದು ವರ್ಷ, ಏನಾದರೂ ಆಗಲೆಂದು, ಬೀರುವಿನಲ್ಲಿದ್ದ ಹಳೆಯ ಸೀಮೆಸುಣ್ಣದ ಡಬ್ಬಿಯ ಮುಚ್ಚಳಕ್ಕೆ ಒಂದು ಸೀಳು ಮಾಡಿ ಮೇಜಿನ ಮೇಲಿಟ್ಟೆ. ಪಠ್ಯದ ಪಾತ್ರವಾಗಲಿ, ಚಿತ್ರದ ಪಾತ್ರವಾಗಲಿ, ಧಾರಾವಾಹಿಯ ಪಾತ್ರವಾಗಲಿ, ತಮಗೆ ತೋಚಿದ್ದನ್ನು ಹೆಸರು ಹಾಕದೆ ಚೀಟಿಯಲ್ಲಿ ಬರೆದು ಹಾಕಬಹುದೆಂದೂ ಯಾರು ಬರೆದರೆಂದು ನಾನು ಕೇಳುವುದಿಲ್ಲವೆಂದೂ ಮಾತು ಕೊಟ್ಟೆ.

ಮೊದಲ ವಾರವೇ ಡಬ್ಬಿ ತುಂಬಿತು. ಕೆಲವು ಚೀಟಿಗಳು ಹುಡುಗಾಟದವು. ಕೆಲವು ಅಚ್ಚರಿ ಹುಟ್ಟಿಸುವಂಥವು. 2021ರ ಡಿಸೆಂಬರಿನಲ್ಲಿ ಆರಂಭವಾದ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯನ್ನು ಅನೇಕರು ನೋಡಿರಬಹುದು. ಗಂಡುಮಗುವಾಗಲಿಲ್ಲವೆಂದು ಗಂಡ ಕೈಬಿಟ್ಟ ಮೇಲೆ ಊಟದ ಮೆಸ್ ನಡೆಸಿ ಮೂವರು ಹೆಣ್ಣುಮಕ್ಕಳನ್ನು ಬೆಳೆಸುವ ಪುಟ್ಟಕ್ಕನ ಪಾತ್ರವನ್ನು ಅದರಲ್ಲಿ ಉಮಾಶ್ರೀಯವರು ವಹಿಸಿದ್ದರು. ಅವಳ ತಾಳ್ಮೆಯನ್ನು ಎಲ್ಲರೂ ಕೊಂಡಾಡಿದ್ದುಂಟು. ಒಂದು ಚೀಟಿ ಹೀಗಿತ್ತು: “ಪುಟ್ಟಕ್ಕ ಅಷ್ಟು ತಾಳ್ಮೆ ತೋರಿಸಬಾರದಿತ್ತು. ಅವಳನ್ನು ನೋಡಿ ನೋಡಿ ನಮ್ಮ ಮನೆಯಲ್ಲಿ ಎಲ್ಲರೂ ನಮ್ಮ ಅಮ್ಮನೂ ಅಷ್ಟೇ ತಾಳ್ಮೆಯಿಂದ ಇರಬೇಕು ಅಂತಾರೆ.” ಕಲೆಯು ಬದುಕಿನ ಮೇಲೆ ಬೀರುವ ಪ್ರಭಾವವೆಂಬ ವಿಷಯವಾಗಿ ನಾವು ಪುಟಗಟ್ಟಲೆ ಬರೆಯುವುದನ್ನು ಈ ಮಗು ಎರಡು ವಾಕ್ಯಗಳಲ್ಲಿ ಮುಗಿಸಿತ್ತು.

ಇನ್ನೊಂದು ಚೀಟಿ ನೇರವಾಗಿ ನನ್ನ ಎದೆಗೇ ತಾಗಿತು. ಆ ವಾರ ನಾನು ‘ನಾಗರಹಾವು’ ಕುರಿತು ಮಾತಾಡಿದ್ದೆ. ತ.ರಾ. ಸುಬ್ಬರಾಯರ ಮೂರು ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲರು ನಿರ್ದೇಶಿಸಿದ ಆ ಚಿತ್ರ ತೆರೆಕಂಡದ್ದು 1972ರ ಕೊನೆಯಲ್ಲಿ. ವಿಷ್ಣುವರ್ಧನರ ರಾಮಾಚಾರಿಯನ್ನೂ ಕೆ.ಎಸ್. ಅಶ್ವಥ್ ಅವರ ಚಾಮಯ್ಯ ಮೇಷ್ಟ್ರನ್ನೂ ಅರ್ಧ ಶತಮಾನ ಕಳೆದರೂ ಕನ್ನಡಿಗರು ಮರೆತಿಲ್ಲ. ಮೇಷ್ಟ್ರ ಪಾತ್ರದ ಔದಾರ್ಯವನ್ನು ನಾನು ಒಂದು ಗಂಟೆ ಕಾಲ ವರ್ಣಿಸಿದ್ದೆ. ಮರುದಿನ ಡಬ್ಬಿಯಲ್ಲಿದ್ದ ಚೀಟಿ ಇದು:

“ಚಾಮಯ್ಯ ಮೇಷ್ಟ್ರು ದೊಡ್ಡವರು ಎಂದು ಹೇಳಿದಿರಿ. ನೀವೂ ಮೇಷ್ಟ್ರಾದ್ದರಿಂದ ಹಾಗೆ ಕಾಣುತ್ತದೆ. ರಾಮಾಚಾರಿ ಅಲಮೇಲುವನ್ನು ಬಿಟ್ಟುಕೊಟ್ಟದ್ದು ಮೇಷ್ಟ್ರ ಮಾತಿಗೆ. ಆಮೇಲೆ ಅವಳ ಗತಿ ಏನಾಯಿತು ಎಂದು ಮೇಷ್ಟ್ರು ಹೋಗಿ ನೋಡಿದರೇ? ಪ್ರೀತಿ ಇರುವವರ ಮಾತನ್ನು ಮೀರುವುದು ಕಷ್ಟ. ಅದಕ್ಕೇ ಪ್ರೀತಿ ಇರುವವರು ಏನನ್ನಾದರೂ ಕೇಳುವಾಗ ಯೋಚಿಸಿ ಕೇಳಬೇಕು.”

ಈ ಮಾತನ್ನು ಯಾವ ವಿದ್ಯಾರ್ಥಿ ತಾನೆ ಎದ್ದುನಿಂತು ನನ್ನ ಮುಖದ ಮೇಲೆ ಹೇಳಿಯಾನು? ಹೇಳಿದ್ದರೆ, ಮನಸ್ಸಿನಲ್ಲಿ ಮೆಚ್ಚಿದ್ದರೂ, ಹೊರಗೆ ನಾನು ಹೇಗೆ ನಡೆದುಕೊಳ್ಳುತ್ತಿದ್ದೆನೋ! ಆಂತರಿಕ ಅಂಕಗಳು ನನ್ನ ಕೈಯಲ್ಲಿವೆ. ಹಾಜರಿ ಪುಸ್ತಕ ನನ್ನ ಕಂಕುಳಲ್ಲಿದೆ. ಆ ಹುಡುಗನೋ ಹುಡುಗಿಯೋ ಹೆಸರನ್ನು ಮರೆಸಿದ್ದು ಹೇಡಿತನದಿಂದಲ್ಲ. ಬಲಾಬಲದ ಲೆಕ್ಕ ಗೊತ್ತಿದ್ದುದರಿಂದ. ನಾನು ಅರಸಿಕತೆಯೆಂದುಕೊಂಡಿದ್ದ ಮೌನದ ನಿಜವಾದ ಕಾರಣ ಆ ದಿನ ನನಗೆ ತಿಳಿಯಿತು. ಕೂಗಿ ಮಾತಾಡುವ ಅಧಿಕಾರವಿದ್ದವನಿಗೆ ಹೆಸರು ಅಲಂಕಾರ. ಅಧಿಕಾರವಿಲ್ಲದವನಿಗೆ ಅದೇ ಅಪಾಯ. ಹೆಸರಿಲ್ಲದ ಮಾತನ್ನು ಒಟ್ಟಾರೆ ತುಚ್ಛವೆಂದು ತಳ್ಳಿಹಾಕುವವರು ಈ ವ್ಯತ್ಯಾಸವನ್ನು ಗಮನಿಸಬೇಕು.

ಕನ್ನಡಿಗರ ವಿಮರ್ಶಾಶಕ್ತಿ ಪಂಡಿತರ ಸೊತ್ತಲ್ಲವೆಂಬುದನ್ನು ಒಂಬತ್ತನೆಯ ಶತಮಾನದಲ್ಲಿಯೇ ‘ಕವಿರಾಜಮಾರ್ಗ’ವು ಗುರುತಿಸಿತ್ತು, ಓದುಬರಹದ ಅಭ್ಯಾಸವಿಲ್ಲದೆಯೂ ಕಾವ್ಯದ ಮರ್ಮ ಬಲ್ಲ ಜನ ಈ ನಾಡಿನವರೆಂದು ಅದು ಅಭಿಮಾನಪಟ್ಟಿದೆ. ನಮ್ಮ ಕಾಲದ ಬಹುದೊಡ್ಡ ವಿಮರ್ಶಕರಲ್ಲಿ ಒಬ್ಬರಾದ ಡಿ.ಆರ್. ನಾಗರಾಜ (1954–1998) ಇದೇ ದೊಡ್ಡಬಳ್ಳಾಪುರದ ನೇಕಾರ ಮನೆತನದವರೆಂಬುದು ಆಕಸ್ಮಿಕವೆಂದು ನಾನು ತಿಳಿದಿಲ್ಲ. ಮಗ್ಗದ ಸದ್ದಿನ ನಡುವೆಯೇ ಕಥೆ ಕೇಳಿ, ತೀರ್ಪು ಹೇಳಿ, ಮತ್ತೆ ಲಾಳಿಯ ಕಡೆಗೆ ತಿರುಗುವ ಜನರ ಊರು ಇದು. ಆ ತೀರ್ಪುಗಳಲ್ಲಿ ಬಹುಪಾಲು ಹೆಸರಿಲ್ಲದೆಯೇ ಹುಟ್ಟಿ ಹೆಸರಿಲ್ಲದೆಯೇ ಕರಗಿಹೋಗಿವೆ. ನಮ್ಮ ಗಾದೆಗಳಿಗೆ ಕರ್ತೃಗಳು ಯಾರು? ಬೀಸುವ ಕಲ್ಲಿನ ಮುಂದೆ ಕುಳಿತು ಸೀತೆಯ ಕಷ್ಟಕ್ಕೆ ಮರುಗಿದ ತ್ರಿಪದಿಗಳಿಗೆ ಅಂಕಿತ ಹಾಕಿದವರು ಯಾರು?

ಈಗ ನನ್ನ ತಪ್ಪಿನ ಮಾತು.

ಪುಟ್ಟಣ್ಣ ಕಣಗಾಲರ ‘ಶರಪಂಜರ’ 1971ರ ಚಿತ್ರ. ತ್ರಿವೇಣಿಯವರ ಅದೇ ಹೆಸರಿನ ಕಾದಂಬರಿ ಅದಕ್ಕೆ ಆಧಾರ. ಮನಶ್ಶಾಸ್ತ್ರವನ್ನು ಓದಿದ್ದ ಆ ಲೇಖಕಿ 1963ರಲ್ಲಿ ಕಿರಿಯ ವಯಸ್ಸಿನಲ್ಲಿಯೇ ತೀರಿಕೊಂಡರು. ಚಿತ್ರವನ್ನು ಅವರು ಕಾಣಲಿಲ್ಲ. ಹೆರಿಗೆಯ ನಂತರ ಮನಸ್ಸು ಕದಡಿದ ಕಾವೇರಿ ಆಸ್ಪತ್ರೆಯಲ್ಲಿ ಗುಣಹೊಂದಿ ಮನೆಗೆ ಮರಳುತ್ತಾಳೆ. ಕಾಯಿಲೆ ಬಿಟ್ಟರೂ ಕಾಯಿಲೆಯ ಹೆಸರು ಅವಳನ್ನು ಬಿಡುವುದಿಲ್ಲ. ಗಂಡ ಬೇರೊಬ್ಬಳ ಕಡೆಗೆ ತಿರುಗಿರುತ್ತಾನೆ. ಮನೆಯವರ ಕಣ್ಣು ಅವಳ ಒಂದೊಂದು ಚಲನೆಯನ್ನೂ ಕಾಯುತ್ತದೆ. ಕಲ್ಪನಾ ಅವರು ಆ ಪಾತ್ರದಲ್ಲಿ ಬಾಳಿದರೆಂದೇ ಹೇಳಬೇಕು. ವಿದ್ಯಾರ್ಥಿಗಳಿಗೆ ಕಾದಂಬರಿಯನ್ನು ಓದಿ ಚಿತ್ರವನ್ನೂ ನೋಡಿಕೊಂಡು ಬರುವಂತೆ ಹೇಳಿದ್ದೆ. ಬಂದ ಚೀಟಿಗಳಲ್ಲಿ ಒಂದು ಹೀಗಿತ್ತು:

“ಕಾವೇರಿಗೆ ಆಸ್ಪತ್ರೆಯಲ್ಲೇ ವಾಸಿಯಾಗಿತ್ತು. ವಾಸಿಯಾಗದೆ ಇದ್ದದ್ದು ಮನೆಯವರಿಗೆ. ನಮ್ಮ ಮನೆಯಲ್ಲಿಯೂ ಅಂಥವರು ಒಬ್ಬರಿದ್ದಾರೆ. ಅವರು ಅನ್ನ ಸೀದಿಸಿದರೆ ಕಾಯಿಲೆ ಅನ್ನುತ್ತೇವೆ. ನಮ್ಮ ಅಮ್ಮ ಸೀದಿಸಿದರೆ ಮರೆವು ಅನ್ನುತ್ತೇವೆ. ಸಿನಿಮಾ ನೋಡಿದ ದಿನ ನಾನು ಅವರ ಜೊತೆ ಕುಳಿತು ಊಟ ಮಾಡಿದೆ.”

ಓದುತ್ತಿದ್ದಂತೆ ನನ್ನ ಕಣ್ಣು ತುಂಬಿಬಂತು. ಅದರೊಂದಿಗೆ ಇನ್ನೊಂದು ಸಂಗತಿಯೂ ನಡೆಯಿತು. ಆ ಚೀಟಿಯಲ್ಲಿನ ‘ಳ’ ಅಕ್ಷರದ ಬಾಲ ಉದ್ದವಾಗಿ ಎಡಕ್ಕೆ ಬಾಗಿತ್ತು. ಉತ್ತರಪತ್ರಿಕೆಗಳಲ್ಲಿ ನೂರು ಸಲ ಕಂಡಿದ್ದ ಬಾಲ ಅದು. ಬರೆದವಳು ಯಾರೆಂದು ನನಗೆ ತಿಳಿದುಹೋಯಿತು. ತಿಳಿದವನು ಸುಮ್ಮನಿರಬೇಕಿತ್ತು. ಇರಲಿಲ್ಲ. ಸಹಾನುಭೂತಿ ತೋರುವ ಆತುರದಲ್ಲಿ ಮರುದಿನ ಕಾಲೇಜಿನ ಪಡಸಾಲೆಯಲ್ಲಿ ಆಕೆಯನ್ನು ನಿಲ್ಲಿಸಿ, “ಮನೆಯಲ್ಲಿ ಅವರು ಈಗ ಹೇಗಿದ್ದಾರಮ್ಮ?” ಎಂದು ಕೇಳಿಬಿಟ್ಟೆ.

ಅವಳ ಜೊತೆಯಲ್ಲಿ ಇಬ್ಬರು ಗೆಳತಿಯರಿದ್ದರು. ಆಕೆಯ ಮುಖ ಬಿಳುಪೇರಿತು. “ಯಾರು ಸಾರ್? ನಾನೇನೂ ಬರೆದಿಲ್ಲ ಸಾರ್” ಎಂದಳು. ಬರೆದ ವಿಷಯವನ್ನು ನಾನು ಕೇಳಿಯೇ ಇರಲಿಲ್ಲ; ಗೆಳತಿಯರಿಗೆ ಎಲ್ಲವೂ ಅರ್ಥವಾಯಿತು. ಆ ವರ್ಷ ಮುಗಿಯುವವರೆಗೂ ಆ ‘ಳ’ಕಾರ ನನ್ನ ಡಬ್ಬಿಯಲ್ಲಿ ಮತ್ತೆ ಕಾಣಲಿಲ್ಲ. ಅವಳದೊಂದೇ ಅಲ್ಲ, ಉಳಿದವರ ಚೀಟಿಗಳೂ ಕಡಿಮೆಯಾದವು. ಕಾವೇರಿಯ ಮನೆಯವರು ಮಾಡಿದ್ದನ್ನೇ ನಾನೂ ಮಾಡಿದ್ದೆ: ಒಬ್ಬಳನ್ನು ಅವಳ ಗುಟ್ಟಿನ ಕಣ್ಣಿನಿಂದ ನೋಡಿದ್ದೆ. ಅನುಕಂಪದಿಂದ ನೋಡಿದೆನೆಂಬುದು ಸಮಾಧಾನದ ಮಾತಷ್ಟೆ. ಮುಚ್ಚಿದ ಹೆಸರನ್ನು ಕೆದಕುವವನ ಉದ್ದೇಶ ಒಳ್ಳೆಯದಾಗಿದ್ದರೂ ಕೆದಕಿಸಿಕೊಂಡವರಿಗೆ ಆಗುವ ನೋವು ಒಂದೇ.

ಹಾಗಾದರೆ ಹೆಸರಿಲ್ಲದ ಮಾತುಗಳೆಲ್ಲವೂ ಪೂಜ್ಯವೇ? ಅದೇ ಡಬ್ಬಿಯಿಂದ ಬಂದ ಇನ್ನೊಂದು ಚೀಟಿಯನ್ನೂ ಹೇಳದಿದ್ದರೆ ನಾನು ವಾಚಕರಿಗೆ ವಂಚನೆ ಮಾಡಿದಂತಾಗುತ್ತದೆ. ಅದು ಯಾವುದೋ ಧಾರಾವಾಹಿಯ ಕೇಡಿಗ ಸೊಸೆಯ ವಿಷಯ. ಮೊದಲ ಅರ್ಧ ವಾಕ್ಯ ಪಾತ್ರದ ಮೇಲಿನ ಸಿಟ್ಟು. ಉಳಿದ ಮೂರು ವಾಕ್ಯಗಳಲ್ಲಿ ಪಾತ್ರದ ಹೆಸರೇ ಇಲ್ಲ. ಆ ಪಾತ್ರ ಮಾಡಿದ ನಟಿಯ ಮೈಬಣ್ಣ, ಅವಳ ಮದುವೆ, ಅವಳ ಗಳಿಕೆ. ನಾಟಕದ ಬಯಲಿನಲ್ಲಿ ದ್ರೌಪದಿಯ ವೇಷದವಳಿಗೆ ಕೂಗಿದ ಗಂಡುದನಿಯೇ ಕಾಗದದ ಮೇಲೆ ಇಳಿದು ಬಂದಂತಿತ್ತು. ಅದನ್ನು ನಾನು ತರಗತಿಯಲ್ಲಿ ಓದದೆ ಹರಿದುಹಾಕಿದೆ. ಆದರೆ ಹರಿದುಹಾಕಿದ್ದಕ್ಕೆ ಕಾರಣವೇನೆಂದು ನನಗೇ ಸ್ಪಷ್ಟಪಡಿಸಿಕೊಳ್ಳಬೇಕಾಯಿತು. ಕಾವೇರಿಯ ಚೀಟಿಗೂ ಹೆಸರಿಲ್ಲ, ಇದಕ್ಕೂ ಹೆಸರಿಲ್ಲ. ಅದನ್ನು ಕಾಪಾಡಬೇಕು, ಇದನ್ನು ಹರಿಯಬೇಕು ಎನ್ನಲು ನನಗೇನು ಆಧಾರ?

ಆಧಾರ ಇದು. ಪಾತ್ರವು ಕಲ್ಪನೆಯ ವ್ಯಕ್ತಿ. ಅದನ್ನು ಎಷ್ಟು ಕಟುವಾಗಿ ಪರೀಕ್ಷಿಸಿದರೂ ಅದಕ್ಕೆ ನೋವಿಲ್ಲ. ಪರೀಕ್ಷಿಸಿದಷ್ಟೂ ಅದು ಬೆಳೆಯುತ್ತದೆ. ಸೃಷ್ಟಿಸಿದವರ ನಡುವೆಯೇ ಪಾತ್ರದ ಬಗ್ಗೆ ಒಮ್ಮತವಿರುವುದಿಲ್ಲ. ತಮ್ಮ ನಾಗರಹಾವು ತೆರೆಯ ಮೇಲೆ ಕೇರೆಹಾವಾಯಿತೆಂದು ತ.ರಾ.ಸು. ಅವರು ಅಸಮಾಧಾನ ಪಟ್ಟ ಸಂಗತಿ ಸಾಹಿತ್ಯವಲಯದಲ್ಲಿ ಪ್ರಸಿದ್ಧವಾಗಿಯೇ ಇದೆ. ಜನ ಆ ಮಾತನ್ನೂ ಕೇಳಿದರು, ಚಿತ್ರವನ್ನೂ ಮೆಚ್ಚಿದರು. ರಾಮಾಚಾರಿ ಇಬ್ಬರ ಕೈಯಲ್ಲೂ ಬದುಕಿ ಉಳಿದ. ಆದರೆ ಪಾತ್ರಧಾರಿಯು ರಕ್ತಮಾಂಸದ ಜೀವ. ದೀಪ ಆರಿದ ಮೇಲೆ ಬಣ್ಣ ತೊಳೆದು ಮನೆಗೆ ಹೋಗಬೇಕಾದವಳು. ಸಂತೆಗೆ, ಮದುವೆಮನೆಗೆ, ಮಕ್ಕಳ ಶಾಲೆಗೆ ಹೋಗಬೇಕಾದವಳು. ಖಳಪಾತ್ರಗಳನ್ನು ಮಾಡುವ ಕಲಾವಿದೆಯರು ದಾರಿಯಲ್ಲಿ ಶಾಪ ಕೇಳಿಸಿಕೊಂಡ ಪ್ರಸಂಗಗಳನ್ನು ಹೇಳಿಕೊಳ್ಳುವುದುಂಟು. ಎದುರಿಗೆ ನಿಂತು ಬಯ್ದ ಮುಗ್ಧ ಅಜ್ಜಿಯನ್ನು ಅವರು ನಗುತ್ತ ಕ್ಷಮಿಸಬಲ್ಲರು, ಅವಳ ಕೈ ಹಿಡಿದು ತಿಳಿಹೇಳಬಲ್ಲರು. ಕತ್ತಲೆಯಲ್ಲಿರುವವನ ಕೈಯನ್ನು ಹಿಡಿಯುವ ಬಗೆ ಹೇಗೆ?

ನಮ್ಮ ಜಿಲ್ಲೆಯವರು ಇದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ‘ನಾಗರಹಾವು’ ಚಿತ್ರದಲ್ಲಿ ಚಾಮಯ್ಯ ಮೇಷ್ಟ್ರ ಮಡದಿಯಾಗಿ ಅಭಿನಯಿಸಿದ ಲೀಲಾವತಿಯವರು ತಮ್ಮ ಕೊನೆಯ ದಶಕಗಳನ್ನು ಕಳೆದದ್ದು ನೆಲಮಂಗಲ ತಾಲ್ಲೂಕಿನ ಸೋಲದೇವನಹಳ್ಳಿಯ ತೋಟದಲ್ಲಿ. ಅಲ್ಲಿನ ಜನರಿಗಾಗಿ ಆಸ್ಪತ್ರೆಯನ್ನು ಕಟ್ಟಿಸಿದರು; ದನಕರುಗಳಿಗಾಗಿ ಪಶುಚಿಕಿತ್ಸಾಲಯವನ್ನು ಕಟ್ಟಿಸಿದರು. 2023ರ ಡಿಸೆಂಬರ್ 8ರಂದು ಅವರು ತೀರಿಕೊಂಡಾಗ ಆ ಹಳ್ಳಿ ತನ್ನ ಮನೆಯ ಹಿರಿಯಳನ್ನು ಕಳೆದುಕೊಂಡಂತೆ ಅತ್ತಿತು. ಆ ತಾಯಿಯ ಖಾಸಗಿ ಬದುಕನ್ನು ಕುರಿತು ಹೆಸರಿಲ್ಲದ ನಾಲಿಗೆಗಳು ಎಷ್ಟು ದಶಕ ಆಡಿದವು! ಅವರು ಮಾಡಿದ ನೂರಾರು ಪಾತ್ರಗಳಲ್ಲಿ ಒಂದರ ಒಳಹೊರಗನ್ನಾದರೂ ಆ ನಾಲಿಗೆಗಳು ಅಷ್ಟು ಆಸ್ಥೆಯಿಂದ ಚರ್ಚಿಸಿದ್ದರೆ ಕನ್ನಡ ಚಿತ್ರವಿಮರ್ಶೆ ಎಷ್ಟೋ ಸಂಪನ್ನವಾಗುತ್ತಿತ್ತು.

ಹೆಸರಿಲ್ಲದ ಮಾತು ಹೆಣ್ಣೊಬ್ಬಳ ಬಾಳನ್ನು ಕೆಡಿಸಿದ ಕಥೆ ನಮಗೆ ಹೊಸದಲ್ಲ. ವಾಲ್ಮೀಕಿಯ ಉತ್ತರಕಾಂಡದಲ್ಲಿ ರಾಮನಿಗೆ ಊರಿನ ಮಾತನ್ನು ತಿಳಿಸುವವನು ಭದ್ರನೆಂಬ ಆಪ್ತ. ಆಡಿದವರು ಬೀದಿಬೀದಿಯ ಜನ. ಅಲ್ಲಿ ಅಗಸನಿಲ್ಲ. ಮುಂದೆ ಕಥೆ ಬೆಳೆದಂತೆ, ನಮ್ಮ ಲಕ್ಷ್ಮೀಶನ ಜೈಮಿನಿ ಭಾರತದ ಹೊತ್ತಿಗೆ, ಆ ಅಪವಾದವೆಲ್ಲ ಒಬ್ಬ ಅಗಸನ ಬಾಯಿಗೆ ಬಂದು ನಿಂತಿದೆ. ಊರೆಲ್ಲ ಆಡಿದ ಮಾತಿಗೆ ಹೊಣೆಗಾರನಾದವನು ಬಟ್ಟೆ ಒಗೆಯುವ ಬಡವನೊಬ್ಬ. ಅವನಿಗೂ ಕಸುಬಿನ ಹೆಸರಿದೆಯೇ ಹೊರತು ಸ್ವಂತ ಹೆಸರಿಲ್ಲ. ಇಷ್ಟರಲ್ಲಿ ಎರಡು ಅನ್ಯಾಯಗಳು ನಡೆದುಹೋದವು. ಮಾತಿಗೆ ಕಾರಣವನ್ನು ಕೇಳದೆ ಸೀತೆಯನ್ನು ಕಾಡಿಗೆ ಕಳುಹಿಸಲಾಯಿತು. ಮಾತಾಡಿದ ಉಳಿದವರೆಲ್ಲ ಪಾರಾಗಿ ತಲೆತಲಾಂತರದ ನಿಂದೆ ಒಬ್ಬ ಅಗಸನ ಪಾಲಿಗೆ ಬಂತು. ಕೇಳಬೇಕಾಗಿದ್ದ ಪ್ರಶ್ನೆ “ಯಾರು ಆಡಿದರು?” ಎಂಬುದಲ್ಲ. “ಯಾವ ಆಧಾರದ ಮೇಲೆ ಆಡಿದರು?” ಎಂಬುದು. ಆ ಪ್ರಶ್ನೆಯನ್ನು ಅಯೋಧ್ಯೆಯಲ್ಲಿ ಯಾರೂ ಕೇಳಲಿಲ್ಲ.

ಇದೇ ಪ್ರಶ್ನೆಗೆ ನಮ್ಮ ವಚನಕಾರರ ಪದ್ಧತಿಯಲ್ಲಿ ಒಂದು ಸೂಚನೆ ದೊರೆಯುತ್ತದೆಂದು ನನಗೆ ತೋರುತ್ತದೆ. ಅವರು ತಮ್ಮ ಮಾತಿನ ಕೊನೆಯಲ್ಲಿ ಸ್ವಂತ ಹೆಸರನ್ನು ಹಾಕಲಿಲ್ಲ. ಬಸವಣ್ಣನವರು ಕೂಡಲಸಂಗಮದೇವನೆಂದರು, ಅಕ್ಕಮಹಾದೇವಿ ಚೆನ್ನಮಲ್ಲಿಕಾರ್ಜುನನೆಂದರು. ಅಂಕಿತವೊಂದೇ ಉಳಿದು ಆಡಿದವರು ಯಾರೆಂದೇ ತಿಳಿಯದ ವಚನಗಳೂ ಉಂಟು. ಅಂಥವರನ್ನು ಅಜ್ಞಾತ ವಚನಕಾರರೆಂದು ಕರೆದು ನಾವು ಗೌರವದಿಂದಲೇ ಓದುತ್ತೇವೆ. ಅವರು ಮರೆಸಿದ್ದು ತಮ್ಮ ಹೆಸರನ್ನು, ಸಾಕ್ಷಿಯನ್ನಲ್ಲ. ತಾವು ಯಾವುದನ್ನು ಎಲ್ಲಕ್ಕಿಂತ ಹೆಚ್ಚೆಂದು ನಂಬಿದ್ದರೋ ಅದರ ಎದುರಿಗೆ ನಿಂತು ಆಡಿದ ಮಾತು ಎಂಬುದಕ್ಕೆ ಆ ಅಂಕಿತವೇ ಗುರುತು. ಸುಳ್ಳಾಡಿದರೆ ತಮ್ಮ ದೈವದ ಮುಂದೆಯೇ ಸುಳ್ಳಾಡಿದಂತೆ.

ಚಿತ್ರವನ್ನೋ ಧಾರಾವಾಹಿಯನ್ನೋ ಕುರಿತು ಹೆಸರಿಲ್ಲದೆ ಮಾತಾಡುವವನಿಗೆ ಬೇಕಾದ ಅಂಕಿತ ಯಾವುದು? ಆ ಕೃತಿಯೇ. ಚಾಮಯ್ಯ ಮೇಷ್ಟ್ರನ್ನು ತಪ್ಪಿತಸ್ಥನೆಂದ ಚೀಟಿಯು ಅಲಮೇಲುವಿನ ಗತಿಯನ್ನು ಸಾಕ್ಷಿಗೆ ಕರೆಯಿತು. ಆ ಸಾಕ್ಷಿಯನ್ನು ನಾವೆಲ್ಲರೂ ಹೋಗಿ ನೋಡಬಹುದು, ಒಪ್ಪಬಹುದು, ಬೇಡವೆನ್ನಬಹುದು. ಕಾರಣವನ್ನು ಮುಂದಿಟ್ಟ ಮೇಲೆ ಹೆಸರಿನ ಅಗತ್ಯ ತಾನಾಗಿಯೇ ಕಡಿಮೆಯಾಗುತ್ತದೆ. ನಟಿಯ ಮೈಬಣ್ಣವನ್ನು ಹಳಿದ ಚೀಟಿಗೆ ಕೃತಿಯಲ್ಲಿ ಸಾಕ್ಷಿಯಿರಲಿಲ್ಲ. ಇರುವುದು ಸಾಧ್ಯವೂ ಇಲ್ಲ. ಒಬ್ಬನು ಹೆಸರನ್ನು ಮುಚ್ಚಿದ್ದು ವಿಷಯವನ್ನು ಬಿಚ್ಚುವುದಕ್ಕೆ. ಇನ್ನೊಬ್ಬನು ಮುಚ್ಚಿದ್ದು ತನ್ನಲ್ಲಿ ವಿಷಯವಿಲ್ಲವೆಂಬುದನ್ನು ಮುಚ್ಚುವುದಕ್ಕೆ.

ಈ ಡಬ್ಬಿಯನ್ನು ನಾನು ಎತ್ತಿಡಲಿಲ್ಲ. ನಿಯಮಗಳನ್ನು ಮಾತ್ರ ಬದಲಿಸಿದೆ. ಚೀಟಿಗಳನ್ನು ಈಗ ನಾನು ತೆರೆಯುವುದಿಲ್ಲ. ನಮ್ಮ ಮಕ್ಕಳ ಕೈಬರಹ ಕಾಣದ ಬೇರೆ ವಿಭಾಗದ ಮಿತ್ರರ ಕೈಗೆ ಡಬ್ಬಿಯನ್ನು ಕೊಡುತ್ತೇನೆ. ಅವರು ಒಂದು ಹಾಳೆಗೆ ನಕಲು ಮಾಡಿ ಕೊಡುತ್ತಾರೆ. ಮೂಲ ಚೀಟಿಗಳು ನನ್ನವರೆಗೆ ಬರುವುದಿಲ್ಲ. ಬರೆಯುವವರಿಗೆ ಎರಡೇ ಮಾತು ಹೇಳಿದ್ದೇನೆ. ಮಾತು ಪಾತ್ರದ ಬಗ್ಗೆ ಇರಲಿ, ಪಾತ್ರಧಾರಿಯ ಮನೆಯ ಬಾಗಿಲಲ್ಲಿ ನಿಲ್ಲಲಿ. ಅಭಿಪ್ರಾಯ ಒಂದು ವಾಕ್ಯವಾದರೆ ಅದರ ಕಾರಣ ಮತ್ತೊಂದು ವಾಕ್ಯವಾದರೂ ಆಗಲಿ. ಮೊದಲಿನಷ್ಟು ಚೀಟಿಗಳು ಬರಲು ಎರಡು ವರ್ಷ ಹಿಡಿಯಿತು. ಒಮ್ಮೆ ಮುರಿದ ನಂಬಿಕೆಯನ್ನು ಕಟ್ಟಲು ಅಷ್ಟಾದರೂ ಕಾಲ ಬೇಕಾಗುವುದು ನ್ಯಾಯವೇ.

ಅಧ್ಯಾಪಕ ಮಿತ್ರರಲ್ಲಿ ನನ್ನ ವಿನಂತಿ ಇಷ್ಟೆ. ನಿಮ್ಮ ತರಗತಿಯ ಮೌನವನ್ನು ಅರಸಿಕತೆಯೆಂದು ತಿಳಿಯಬೇಡಿ. ಮಾತಿಗೆ ಒಂದಿಷ್ಟು ಮರೆ ಒದಗಿಸಿ ನೋಡಿ. ವಿದ್ಯಾರ್ಥಿಗಳಲ್ಲಿ ವಿನಂತಿ: ಮರೆ ದೊರೆತಾಗ ಅದನ್ನು ಕಾವೇರಿಯ ಚೀಟಿ ಬರೆದವಳಂತೆ ಬಳಸಿಕೊಳ್ಳಿ. ಇಂದು ಹೆಸರಿಲ್ಲದೆ ಕಾರಣ ಸಹಿತ ಮಾತಾಡಲು ಕಲಿತವರು ನಾಳೆ ಹೆಸರು ಹೇಳಿ ಮಾತಾಡಲು ಅಂಜುವುದಿಲ್ಲ. ಪಾತ್ರಗಳನ್ನು ಮೆಚ್ಚುವ, ಮುನಿಯುವ ಎಲ್ಲ ಅಭಿಮಾನಿಗಳಲ್ಲಿಯೂ ವಿನಂತಿ: ಬರೆದುದನ್ನು ಕಳುಹಿಸುವ ಮೊದಲು ಆ ಮಾತು ಯಾರ ಮನೆಯ ಅಂಗಳದಲ್ಲಿ ಹೋಗಿ ಬೀಳುತ್ತದೆಂದು ಒಮ್ಮೆ ನೋಡಿಕೊಳ್ಳಿ.

ಆ ‘ಳ’ಕಾರದ ಹುಡುಗಿ ಈಗ ಪದವಿ ಮುಗಿಸಿ ಹೋಗಿದ್ದಾಳೆ. ಆಕೆಯಲ್ಲಿ ಕ್ಷಮೆ ಕೇಳಬೇಕೆಂದು ಹಲವು ಸಲ ಅನ್ನಿಸಿದೆ. ಕೇಳಿದರೆ ಮತ್ತೊಮ್ಮೆ ಅವಳ ಗುಟ್ಟನ್ನು ತೆರೆದಂತಾಗುವುದರಿಂದ ಸುಮ್ಮನಿದ್ದೇನೆ. ತೂಬಗೆರೆಯ ದಾರಿಯ ಆ ಹಳ್ಳಿಗೆ ಮಾತ್ರ ಆಮೇಲೆಯೂ ಎರಡು ಮೂರು ಸಲ ಹೋಗಿ ಬಂದೆ. ಅಂದು ಕುಂತಿಯನ್ನು ಪ್ರಶ್ನಿಸಿದ ತಾಯಿ ಯಾರೆಂದು ವಿಚಾರಿಸಿದ್ದರೆ ಯಾರಾದರೂ ಹೇಳುತ್ತಿದ್ದರೋ ಏನೋ. ವಿಚಾರಿಸಲಿಲ್ಲ. ಪ್ರತಿ ವರ್ಷ ಕರ್ಣನ ಪಾಠಕ್ಕೆ ಬಂದಾಗ ಆಕೆಯ ಪ್ರಶ್ನೆಯನ್ನು ಕರಿಹಲಗೆಯ ಮೇಲೆ ಬರೆದು, ಉತ್ತರವನ್ನು ಮಕ್ಕಳಿಗೆ ಬಿಟ್ಟು, ಕಿಟಕಿಯ ಪಕ್ಕಕ್ಕೆ ಸರಿದು ನಿಲ್ಲುತ್ತೇನೆ.